ನಾಲ್ಕನೆಯ ಗೋಣಿತಟ್ಟು

ಇಲ್ಲದ್ದು ನನಗೊಬ್ಬಳಿಗೇ ಕಾಣುತ್ತದೆಯೇನೋ ಎಂಬ ಅಂಜಿಕೆಯನ್ನು ನಾನು ಡೈರಿಯಲ್ಲೂ ಬರೆದಿರಲಿಲ್ಲ.

೧೯೭೯ರ ಬೇಸಿಗೆಯ ಒಂದು ಬೆಳಿಗ್ಗೆ ಬಾಗಲಕೋಟೆಯ ಹೂವಿನ ಪೇಟೆಯಲ್ಲಿ ಕುಳಿತು, ಗೋಣಿತಟ್ಟು ಹಾಸಿ ಹೂವು ಮಾರುತ್ತಿದ್ದ ನಾಲ್ವರು ಹೆಂಗಸರ ಚಿತ್ರ ಬರೆಯುತ್ತಿದ್ದೆ. ನಾಲ್ಕನೆಯವಳು ಮೊಳ ಹಾಕುವಾಗ, ಕೈತುಂಬ ಬಳೆಯಿದ್ದರೂ ಸದ್ದಾಗುತ್ತಿರಲಿಲ್ಲ. ಸುಡುಬಿಸಿಲಿನಲ್ಲೂ ಅವಳ ಸೀರೆಯ ಬಣ್ಣ ಮಾತ್ರ ಕಾಗದದ ಮೇಲೆ ಆರದೆ ತಣ್ಣಗಿತ್ತು.

ಮೊದಲನೆಯವಳು, ಗುರುಲಿಂಗವ್ವ, ಎದ್ದು ಬಂದು ಚಿತ್ರ ನೋಡಿದಳು. "ಅಯ್ಯ ತಂಗಿ, ನನ್ನ ಮೂಗು ಇಷ್ಟ ದಪ್ಪ ಐತೇನ?" ಎಂದು ನಕ್ಕವಳು ಒಮ್ಮೆಲೇ ದನಿ ತಗ್ಗಿಸಿದಳು. "ಕುಂತಾವ್ರು ನಾವು ಮೂರ ಮಂದಿ. ಆ ತಟ್ಟು ತೀರಿಹೋದ ನಮ್ಮತ್ತೀದು. ಬೋಣಿಗಿಗೆ ಮೊದಲ ಅಲ್ಲೊಂದು ಮೊಳ ಇಡ್ತೇವಿ. ಆಕಿ ನನಗಷ್ಟ ಕಾಣ್ತಾಳಂತ ನಾ ಬಾಯಿ ಬಿಟ್ಟಿಲ್ಲ. ನೀ ನೋಡಿ ಬರದಿ, ಹೌದಿಲ್ಲೋ?"

ನನ್ನ ಎದೆ ಹಗುರಾಯಿತು.

"ನೋಡೇ ಬರದೇನ್ರಿ. ಈಗ ನಿಮ್ಮ ಬಗಲಾಗ ನಿಂತು ನಗಾಕತ್ತಾರ."