ಅಂಕಮ್ಮನ ಅಂಗಳದಲ್ಲಿ ಫೋನುಗಳು ರಿಂಗಾದದ್ದು

"ಯೋಗಿತಾ, ನಿಮ್ಮಮ್ಮನ ಫೋಟೋ ನಮ್ಮಪ್ಪನ ಮೊಬೈಲ್‌ಗೆ ಬಂದೈತೆ ಕಣೇ!"

ಭೀಮರಾಜು ಎಷ್ಟು ಜೋರಾಗಿ ಕೂಗಿದನೆಂದರೆ, ಖೋ ಖೋ ಆಡುತ್ತಿದ್ದವರೆಲ್ಲ ಹಾಗೇ ನಿಂತುಬಿಟ್ಟರು. ಓಡುತ್ತಿದ್ದ ಯೋಗಿತಾ ಕಂಬ ಮುಟ್ಟುವುದನ್ನು ಬಿಟ್ಟು ತಿರುಗಿದಳು.

"ಯಾವ ಫೋಟೋನೋ?"

"ಹಿಂದ್ಗಡೆ ನೀಲಿ ಗೋಡೆ ಐತೆ. ನಿಮ್ಮನೇದೇ. ಕೆಳಗೆ ಕೆಂಪು ಅಕ್ಷರದಲ್ಲಿ ಏನೋ ಬರ್ದವ್ರೆ." ಭೀಮರಾಜು ಸ್ವಲ್ಪ ತಡೆದ. ಆದರೆ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅಲ್ಲಿಗೇ ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲ. "'ಇವಳು ಕಳ್ಳಿ. ಸಾಲ ಮಾಡಿ ಓಡಿಹೋಗಿದ್ದಾಳೆ. ಕಂಡರೆ ಹಿಡಿದುಕೊಡಿ' ಅಂತ."

"ನಮ್ಮಮ್ಮ ಓಡೋಗವ್ಳಾ? ಹಂಗಾದ್ರೆ ಬೆಳಿಗ್ಗೆ ನಂಗೆ ಜಡೆ ಹಾಕಿದ್ದು ಯಾರ್ಲಾ, ನಿಮ್ಮಪ್ಪನಾ?"

ಹುಡುಗಿಯರು ಕಿಸಕ್ಕನೆ ನಕ್ಕರು. ಯೋಗಿತಾ ನಗಲಿಲ್ಲ. ಆ ಫೋಟೋ ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ತೆಗೆದವಳು ಅವಳೇ.

ಅಪ್ಪನ ಗೂಡ್ಸ್ ಆಟೋ ಮಗುಚಿ ಕಾಲು ಮುರಿದಿದ್ದಾಗ ತಿಪಟೂರಿನ ಆಸ್ಪತ್ರೆಯಲ್ಲಿ ಕೂಡಲೇ ಸ್ಕ್ಯಾನ್ ಮಾಡಿಸಬೇಕು ಎಂದಿದ್ದರು. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅಮ್ಮ ಫೋನಿನಲ್ಲಿ ಒಂದು ಜಾಹೀರಾತು ನೋಡಿದ್ದಳು. ಐದೇ ನಿಮಿಷದಲ್ಲಿ ಸಾಲ, ಯಾರ ಜಾಮೀನೂ ಬೇಡ ಎಂದು ಅದರಲ್ಲಿತ್ತು. ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದ್ದುದರಿಂದ ಅಮ್ಮ ಫೋನನ್ನು ಯೋಗಿತಾಳ ಕೈಗೆ ಕೊಟ್ಟಳು. "ಅಮ್ಮ, ಇತ್ಲಾಗ್ ನೋಡು, ಸ್ವಲ್ಪ ನಗು" ಎಂದು ಯೋಗಿತಾ ಫೋಟೋ ತೆಗೆದಳು. ಆಮೇಲೆ ಫೋನು ಏನೇನೋ ಕೇಳಿತು. ಪ್ರತಿ ಪ್ರಶ್ನೆಯ ಕೆಳಗೂ 'ಅಲೋ', ಅಂದರೆ ಒಪ್ಪಿಗೆ, ಎಂದಿತ್ತು. ಎಲ್ಲದಕ್ಕೂ ಅವಳು ಹೆಬ್ಬೆರಳು ಒತ್ತಿದ್ದಳು.

ಆ ಸಾಲವನ್ನು ಅಮ್ಮ ವಾರ ಕಳೆಯುವುದರೊಳಗೆ ತೀರಿಸಿದ್ದಳು. ಆ್ಯಪ್‌ನವರು ಕೊಟ್ಟಿದ್ದಕ್ಕಿಂತ ಹೆಚ್ಚು ಕೇಳಿದರು, ಅದನ್ನೂ ಕೊಟ್ಟಳು. ಆದರೂ ಫೋನು ಬರುವುದು ನಿಲ್ಲಲಿಲ್ಲ. ಈಚೆಗೆ ಅಮ್ಮ ಫೋನನ್ನು ಮಗುಚಿ ಹಾಕಿ, ಅದರ ಮೇಲೆ ಸೆರಗನ್ನೋ ಮೊರವನ್ನೋ ಮುಚ್ಚಿಡುತ್ತಿದ್ದಳು. ಯಾರದು ಎಂದರೆ, "ಕಂಪ್ನಿ ಫೋನು ಬುಡು" ಎನ್ನುತ್ತಿದ್ದಳು.

ಶನಿವಾರವಾದ್ದರಿಂದ ಬೆಳಗಿನ ಶಾಲೆ. ಗಂಟೆ ಹೊಡೆದದ್ದೇ ಯೋಗಿತಾ ಬ್ಯಾಗು ಹೊತ್ತು ಸೀದಾ ಅಂಕಮ್ಮನ ಮನೆಯ ಕಡೆ ಓಡಿದಳು. ಈ ವಾರ ಅಮ್ಮನಿಗೆ ಅಲ್ಲಿ ಕೊಬ್ಬರಿ ಕೆಲಸ.

ಅವರ ಊರು ಶೆಟ್ಟಿಕೆರೆಯ ಕಡೆ ಕಾಯಿ ಸಿಪ್ಪೆಯ ಸಮೇತ ಮನೆಯ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತಿರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು, ಉಂಡೆ ಕೊಬ್ಬರಿಯಾಗುತ್ತದೆ. ಉಂಡೆ ಇಡಿಯಾಗಿದ್ದರೇ ಒಳ್ಳೆಯ ಬೆಲೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಡಗಡ ಎಂದರೆ ಅದನ್ನು ಇಳಿಸಬಹುದು, ಇನ್ನೂ ನೀರಿನ ಸದ್ದು ಬಂದರೆ ಅಲ್ಲೇ ಬಿಡಬೇಕು. ಅಟ್ಟಕ್ಕೆ ಹೋಗುವ ಏಣಿ ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿರುತ್ತದೆ. ಅಲ್ಲೇ ಬೀರುವೂ ಇರುತ್ತದೆ. ಹಾಗಾಗಿ ಮನೆಯವರು ಯಾರನ್ನೆಂದರೆ ಅವರನ್ನು ಅಟ್ಟ ಹತ್ತಿಸುವುದಿಲ್ಲ. ಅಂಕಮ್ಮನ ಮನೆಯಲ್ಲಿ ಅಟ್ಟ ಹತ್ತುತ್ತಿದ್ದವಳು ಯಾವಾಗಲೂ ಅಮ್ಮನೇ. ಹೀಗೆ ಬೇರೆ ಮನೆಗಳವರೂ ಅವಳನ್ನೇ ಕರೆಯುತ್ತಿದ್ದರು.

ಇವತ್ತು ಅಮ್ಮ ಅಂಗಳದಲ್ಲಿ ಕೂತಿದ್ದಳು.

ಒಂದು ಮೂಲೆಯಲ್ಲಿ ಗಿಡ್ಡಯ್ಯ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. ನಡುವೆ ಸುಲಿದ ಕಾಯಿಯ ರಾಶಿ. ರಾಶಿಯ ಸುತ್ತ ಹೆಂಗಸರು ಮಚ್ಚಿನಿಂದ ಕರಟ ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಅಮ್ಮನ ಪಕ್ಕದಲ್ಲಿ ಲಕ್ಷ್ಮಕ್ಕ. ಒಳಗೆ ಅಟ್ಟದ ಮೇಲಿನಿಂದ ಕಾಯಿ ಇಳಿಸುತ್ತಿದ್ದವಳು ಹಿಂದಿನ ಬೀದಿಯ ಶಿಲ್ಪ.

ಯೋಗಿತಾ ಏಣಿಯನ್ನು ನೋಡಿದಳು. ಅಮ್ಮನನ್ನು ನೋಡಿದಳು.

"ಯಾಕಮ್ಮ ನೀನು ಹತ್ತಿಲ್ಲ?"

"ಇವತ್ತು ಕೆಳಗೇ ಇರು ಅಂದ್ರು" ಎಂದಳು ಅಮ್ಮ, ತಲೆ ಎತ್ತದೆ. ಮಚ್ಚು ಜಾರಿ, ಅವಳ ಕೈಯಲ್ಲಿದ್ದ ಉಂಡೆ ಎರಡು ಹೋಳಾಯಿತು. ಅವಳ ಮುಂದೆ ಅಂಥ ಹೋಳು ಆಗಲೇ ಐದಾರು ಬಿದ್ದಿದ್ದವು. ಬೇರೆ ದಿನ ಒಂದೂ ಇರುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಂಕಮ್ಮ ಬೇರೆ ಕಡೆ ನೋಡಿದರು. ಅಂದರೆ ಈ ಮನೆಗೂ ಫೋಟೋ ಬಂದಿದೆ. ಯೋಗಿತಾಳಿಗೆ ಕೆಟ್ಟ ಕೋಪ ಬಂತು. ಅಂಕಮ್ಮನ ಮೇಲೆ, ಭೀಮರಾಜುವಿನ ಮೇಲೆ, ಅಮ್ಮನ ಜಾಗಕ್ಕೆ ಹತ್ತಿ ಕೂತ ಶಿಲ್ಪಕ್ಕನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಹೆಬ್ಬೆರಳಿನ ಮೇಲೆ.

ಅವಳು ಜಗಲಿಯ ಮೇಲೆ ಕೂತಳು. ಕರಟದ ಪುಡಿ ಹೋಗುತ್ತದೆಂದು ಹೆಂಗಸರೆಲ್ಲ ತಮ್ಮ ತಮ್ಮ ಫೋನುಗಳನ್ನು ಅಲ್ಲೇ ಸಾಲಾಗಿ ಇಟ್ಟಿದ್ದರು. ಅದರಲ್ಲಿ ಮಗುಚಿ ಇಟ್ಟಿದ್ದ ಒಂದು ಗುರುಗುಟ್ಟತೊಡಗಿತು. ಅಮ್ಮನದು.

"ಬುಡು ಮಗಾ, ಮುಟ್ಬೇಡ" ಎಂದಳು ಅಮ್ಮ.

ಯೋಗಿತಾ ಮುಟ್ಟಿದಳು. ಅಷ್ಟೇ ಅಲ್ಲ, ಸ್ಪೀಕರ್ ಕೂಡ ಹಾಕಿಬಿಟ್ಟಳು.

"ಏಯ್, ರಾಧಾಮಣಿ ಇದಾಳಾ?" ಗಂಡಸಿನ ದನಿ ಅಂಗಳದ ತುಂಬ ಕೇಳಿಸಿತು. ಮಚ್ಚಿನ ಸದ್ದು ನಿಂತಿತು.

"ಇದಾಳಾ ಅನ್ಬೇಡಿ. ಇದಾರಾ ಅನ್ನಿ."

"ಯಾರೇ ನೀನು?"

"ಅವರ ಮಗಳು. ನಮ್ಮಮ್ಮ ದುಡ್ಡು ಕಟ್ಟಾಯ್ತಲ್ಲ! ಮತ್ಯಾಕೆ ಕಳ್ಳಿ ಅಂತ ಬರ್ದು ಎಲ್ಲಾರ್ಗೂ ಕಳ್ಸಿದೀರಾ?"

"ಕಟ್ಟಿದ್ದು ಬರೀ ಬಡ್ಡಿ. ಅಸಲು ಹಂಗೇ ಇದೆ. ಇವತ್ತು ಸಂಜೆಯೊಳಗೆ ಬರ್ಬೇಕು."

"ಸುಳ್ಳು! ಅದಿರ್ಲಿ, ಊರೋರ ನಂಬರೆಲ್ಲ ನಿಮ್ಗೆ ಹೆಂಗೆ ಸಿಕ್ತು? ಯಾರು ಕೊಟ್ರು?"

ಆ ಕಡೆಯವನು ನಕ್ಕ. "ನೀವೇ ಅಲೋ ಅಂತ ಒತ್ತಿದ್ದು. ಮರ್ತೋಯ್ತಾ? ನಿಮ್ಮಮ್ಮನ ಫೋನಲ್ಲಿರೋ ಒಂದೊಂದು ನಂಬರೂ ನನ್ನತ್ರ ಇದೆ. ಈಗ್ಲೇ ಒಬ್ಬೊಬ್ರಿಗೂ ಫೋನ್ ಮಾಡ್ತೀನಿ. ಅವಳು ಊರಲ್ಲಿ ಹೆಂಗೆ ತಲೆ ಎತ್ಕೊಂಡು ಓಡಾಡ್ತಾಳೋ ನೋಡೇಬಿಡ್ತೀನಿ."

ಫೋನು ಕಟ್ಟಾಯಿತು.

ಯೋಗಿತಾ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನಾನೇ ಒತ್ತಿದ್ದು. ಎಲ್ಲದಕ್ಕೂ ನಾನೇ ಅಲೋ ಒತ್ತಿದ್ದು."

ಅಮ್ಮ ಬಾಯಿ ತೆರೆಯುವ ಮೊದಲೇ ಲಕ್ಷ್ಮಕ್ಕ ಗದರಿದರು. "ಲೇ ಮಗಾ, ಸುಮ್ಕಿರು. ನೆಂಟ ಅಂತ ನೀನು ಬಾಗ್ಲು ತೆಗ್ದೆ. ಬಂದೋನು ಬಿಂದಿಗೆ ಎತ್ಕೊಂಡು ಹೋದ. ಬಾಗ್ಲು ತೆಗೆದೋರ್ನ ಹಿಡಿದು ಬಡೀತಾರಾ?"

ಅಷ್ಟರಲ್ಲಿ ಜಗಲಿಯ ಮೇಲೆ ಇನ್ನೊಂದು ಫೋನು ರಿಂಗಾಯಿತು. ಲಕ್ಷ್ಮಕ್ಕನದೇ. ಯೋಗಿತಾ ಅದನ್ನು ಒಯ್ದು ಕೊಟ್ಟಳು.

"ಹಲೋ, ಯಾರಪ್ಪ? ರಾಧಾಮಣಿನಾ? ಗೊತ್ತು ಕಣಪ್ಪ, ಗೊತ್ತಿಲ್ದೆ ಏನು. ಓಡೋಗವ್ಳಾ? ಯಾವಾಗ?" ಲಕ್ಷ್ಮಕ್ಕ ಅಮ್ಮನ ಕಡೆ ತಿರುಗಿ ನೋಡಿದರು. "ನನ್ ಮೊಣಕಾಲಿಗೆ ಮೊಣಕಾಲು ತಾಗಿಸ್ಕೊಂಡು ಕೂತವ್ಳೆ ಕಣಪ್ಪ. ಫೋನ್ ಕೊಡ್ಲಾ? ಹಲೋ? ಹಲೋ? ಇಟ್ಬುಟ್ಟ."

ಯಾರೋ ಮುಸಿಮುಸಿ ನಕ್ಕರು. ನಗು ಮುಗಿಯುವುದರೊಳಗೆ ಗಿಡ್ಡಯ್ಯನ ಜೇಬು ಹಾಡತೊಡಗಿತು.

"ಹೂಂ ಸ್ವಾಮಿ. ಹಿಡಿದು ಕೊಡ್ಬೇಕಾ? ಇಲ್ಲೇ ಅವ್ಳೆ, ನೀವೇ ಬಂದು ಹಿಡ್ಕಳಿ. ಶೆಟ್ಟಿಕೆರೆಗೆ ಬಸ್ಸೈತೆ. ಇಳಿದು ಯಾರನ್ನ ಕೇಳಿದ್ರೂ ಮನೆ ತೋರ್ಸ್ತಾರೆ. ಬರ್ತಾ ಒಬ್ರೇ ಬನ್ನಿ, ನಾವು ಇಲ್ಲಿ ಬೋ ಜನ ಇದೀವಿ."

ಈ ಸಲ ಎಲ್ಲರೂ ಜೋರಾಗಿ ನಕ್ಕರು. ಆ ಮನುಷ್ಯ ಎಲ್ಲಿ ಕೂತಿದ್ದನೋ ಏನೋ, ಒಂದೊಂದು ನಂಬರೂ ಬೇರೆ ಬೇರೆ ಮನೆಯಲ್ಲಿದೆ ಎಂದುಕೊಂಡಿದ್ದ. ಆ ಎಲ್ಲ ನಂಬರುಗಳೂ ಒಂದೇ ರಾಶಿಯ ಸುತ್ತ ಕೂತು ಕೊಬ್ಬರಿ ಬಿಡಿಸುತ್ತಿದ್ದವು.

ಮುಂದಿನದು ಅಂಕಮ್ಮನ ಫೋನು. ಅವರು ನಗಲಿಲ್ಲ. ಕಿವಿಗಿಟ್ಟುಕೊಂಡು ಸುಮ್ಮನೆ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಕೆಂಪಾಯಿತು.

"ಏನಂದೆ? ಅವಳ ಪರವಾಗಿ ನಾನು ಕಟ್ಬೇಕಾ? ಮುದುಕಿ ಅಂತೀಯಾ? ಯಾರಪ್ಪ ನೀನು, ನಿನ್ನ ಹೆಸರೇನು? ಹೇಳು. ಹೇಳಲ್ವಾ? ಹೆಸರು ಹೇಳೋಕೆ ಧೈರ್ಯ ಇಲ್ದೋನು ಇನ್ನೊಬ್ರ ಹೆಸರು ಕೆಡಿಸ್ತೀಯಾ?"

ಅವರು ಫೋನನ್ನು ಸೆರಗಿನಿಂದ ಒರೆಸಿದರು, ಕೊಳೆ ಮೆತ್ತಿದೆಯೇನೋ ಎನ್ನುವಂತೆ. ಆಮೇಲೆ ಅಮ್ಮನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು.

"ನಿಜ ಹೇಳು ರಾಧಾಮಣಿ. ಕಟ್ಟಿದೀಯಾ?"

"ಕಟ್ಟಿದೀನಿ ಕಣವ್ವ. ಎರಡು ಸಲ ಕಟ್ಟಿದೀನಿ. ಓಲೆ ಗಿರವಿ ಇಟ್ಟು ಕಟ್ಟಿದೀನಿ." ಅಮ್ಮನ ದನಿ ಒಡೆಯಿತು. "ಕಟ್ಟಿದಷ್ಟೂ ಕೇಳ್ತಾರೆ. ಬಾಯಿಗೆ ಬಂದಂಗೆ ಬೈತಾರೆ."

"ಇಷ್ಟು ದಿನ ಒಂದು ಮಾತು ನಮ್ಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನಂದ್ಕೊಳ್ತೀರೋ ಅಂತ."

ಅಮ್ಮ ಹೇಳದೆಯೂ ಅಂಕಮ್ಮ ಏನೋ ಅಂದುಕೊಂಡಿದ್ದರಲ್ಲ. ಅವರು ಅಮ್ಮನ ಮುಂದೆ ಬಿದ್ದಿದ್ದ ಕೊಬ್ಬರಿ ಹೋಳುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು.

"ಬಸ್ ಸ್ಟ್ಯಾಂಡ್ ಗೋಡೆಗೆ ಪೊಲೀಸ್ನೋರು ಬೋರ್ಡ್ ಹಾಕವ್ರೆ" ಎಂದ ಗಿಡ್ಡಯ್ಯ. "ಮೊಬೈಲಲ್ಲಿ ಮೋಸ ಆದ್ರೆ 1930ಕ್ಕೆ ಫೋನ್ ಮಾಡಿ ಅಂತ."

"ಫೋನೂ ಮಾಡಾಣ, ಸೋಮವಾರ ಚಿಕ್ಕನಾಯಕನಹಳ್ಳಿ ಸ್ಟೇಷನ್‌ಗೂ ಹೋಗಾಣ" ಎಂದು ಅಂಕಮ್ಮ ಎದ್ದರು. "ನಾನೂ ಬತ್ತೀನಿ. ಮುದುಕಿ ಅಂದ್ನಲ್ಲ, ಅದನ್ನೂ ಬರೆಸ್ತೀನಿ. ಯೋಗಿತಾ, ಅವ್ನ ಮೆಸೇಜು ಯಾವ್ದೂ ಅಳಿಸ್ಬೇಡ ಮಗಾ. ಎಲ್ಲಾ ಹಂಗೇ ಇರ್ಲಿ."

ಆಗ ಜಗಲಿಯ ಮೇಲೆ ಇನ್ನೂ ರಿಂಗಾಗದೆ ಉಳಿದಿದ್ದ ಫೋನು ರಿಂಗಾಯಿತು.

"ಶಿಲ್ಪಂದು!" ಲಕ್ಷ್ಮಕ್ಕನಿಗೆ ಈಗ ಉತ್ಸಾಹ ಬಂದುಬಿಟ್ಟಿತ್ತು. "ಬಾರೇ ಶಿಲ್ಪ, ನಿನ್ ಸರದಿ. ಚೆನ್ನಾಗಿ ಉಗಿ ಅವ್ನಿಗೆ!"

ಒಳಗೆ ಏಣಿ ಕಿರುಗುಟ್ಟಿತು. ಶಿಲ್ಪ ಎಷ್ಟು ಅವಸರದಿಂದ ಇಳಿದಳೆಂದರೆ, ಕೊನೆಯ ಮೆಟ್ಟಿಲು ತಪ್ಪಿ ಗೋಡೆ ಹಿಡಿದುಕೊಂಡಳು. ಕೊಡೋಣವೆಂದು ಯೋಗಿತಾ ಫೋನು ಎತ್ತಿಕೊಂಡಳು. ಬೇಕೆಂದು ನೋಡಲಿಲ್ಲ, ಆದರೂ ಕಣ್ಣಿಗೆ ಬಿತ್ತು. ಕರೆ ನಿಂತು, ಅದರ ಜಾಗದಲ್ಲಿ ಒಂದು ಮೆಸೇಜಿನ ಮೊದಲ ಸಾಲು ಮೂಡಿತ್ತು: 'ಶಿಲ್ಪ, ಇವತ್ತು ಕಟ್ಟದಿದ್ದರೆ ನಿನ್ನ ಫೋಟೋ ಎಲ್ಲರಿಗೂ...'

ಶಿಲ್ಪ ಅದನ್ನು ಕಿತ್ತುಕೊಂಡಳು.

"ಅವ್ನೇನಾ?" ಎಂದು ಕೇಳಿದರು ಲಕ್ಷ್ಮಕ್ಕ.

"ಇಲ್ಲ ಕಣಕ್ಕ. ಇದು ಸುಮ್ನೆ, ಕಂಪ್ನಿ ಫೋನು."

ಅವಳು ಫೋನನ್ನು ಮಗುಚಿ ಜಗಲಿಯ ಮೇಲಿಟ್ಟು, ಅದರ ಮೇಲೆ ತನ್ನ ಟವೆಲ್ ಮುಚ್ಚಿದಳು. ಬೇರೆಯವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಅವರೆಲ್ಲ ಅಂಕಮ್ಮನ ಕಡೆ ನೋಡುತ್ತಿದ್ದರು.

"ಶಿಲ್ಪ ಹೆಂಗೂ ಇಳಿದ್ಲಲ್ಲ" ಎಂದರು ಅಂಕಮ್ಮ. "ರಾಧಾಮಣಿ, ನೀನು ಹತ್ತು. ಇವ್ಳು ಇಳಿಸಿರೋದ್ರಲ್ಲಿ ಅರ್ಧ ಇನ್ನೂ ನೀರಾಡ್ತಾ ಐತೆ." ಆಮೇಲೆ ಮೆಲ್ಲಗೆ ಸೇರಿಸಿದರು, "ನಾನು ಕೆಳಗಿರು ಅನ್ಬಾರ್ದಿತ್ತು ಕಣವ್ವ."

ಅಮ್ಮ ಮುಖ ಒರೆಸಿಕೊಂಡು ಎದ್ದಳು. ನಡುಮನೆ ದಾಟಿ ಏಣಿ ಹತ್ತಿದಳು. ಮೇಲಿನಿಂದ ಒಂದೊಂದೇ ಕಾಯಿಯ ಗಡಗಡ ಸದ್ದು ಕೇಳತೊಡಗಿತು.

ಯೋಗಿತಾಳಿಗೆ ಕುಣಿಯಬೇಕೆನ್ನಿಸಬೇಕಿತ್ತು. ಆದರೆ ಅವಳ ಕಣ್ಣು ಶಿಲ್ಪಳ ಮೇಲೇ ಇತ್ತು. ಶಿಲ್ಪ ರಾಶಿಯಿಂದ ಸ್ವಲ್ಪ ದೂರ, ಒಬ್ಬಳೇ ಕೂತು ಕರಟ ಒಡೆಯುತ್ತಿದ್ದಳು. ಮಚ್ಚು ಜಾರಿತು. ಉಂಡೆ ಹೋಳಾಯಿತು. ಇನ್ನೊಂದು ತೆಗೆದುಕೊಂಡಳು, ಅದೂ ಹೋಳಾಯಿತು. ಟವೆಲ್ಲಿನ ಅಡಿಯಲ್ಲಿ ಫೋನು ಮತ್ತೆ ಗುರುಗುಟ್ಟಿತು.

ಬೆಳಗಿನ ಕೋಪ ಈಗಲೂ ಯೋಗಿತಾಳಲ್ಲಿ ಹಾಗೇ ಇತ್ತು. ಆದರೆ ಅದು ಶಿಲ್ಪಕ್ಕನನ್ನು ಬಿಟ್ಟು, ಆ ಟವೆಲ್ಲಿನ ಕಡೆಗೆ ತಿರುಗಿತ್ತು.

ಎಲ್ಲರ ಎದುರಿಗೆ ಕೂಗಿ ಹೇಳಬಾರದು. ಅದು ಅವಳಿಗೆ ಇವತ್ತು ಬೆಳಿಗ್ಗೆಯಿಂದ ಚೆನ್ನಾಗಿ ಗೊತ್ತಿತ್ತು. ಅವಳು ಜಗಲಿಯಿಂದ ಇಳಿದು, ಒಂದು ಮಣೆ ಎಳೆದುಕೊಂಡು ಹೋಗಿ ಶಿಲ್ಪಳ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಚೆಲ್ಲಿದ್ದ ಕರಟದ ಚೂರುಗಳನ್ನು ಬುಟ್ಟಿಗೆ ಹಾಕುತ್ತಾ, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ಅಕ್ಕಾ, ಸೋಮವಾರ ನಾವು ಸ್ಟೇಷನ್‌ಗೆ ಹೋಗ್ತೀವಲ್ಲ. ನೀನೂ ಬಾ."

ಶಿಲ್ಪಳ ಕೈ ನಿಂತಿತು. ಅವಳು ಯೋಗಿತಾಳನ್ನು ನೋಡಲಿಲ್ಲ. ಕೈಯಲ್ಲಿದ್ದ ಕೊಬ್ಬರಿಯನ್ನು ಒಮ್ಮೆ ತಿರುಗಿಸಿ ಕೆಳಗಿಟ್ಟಳು. ಮೇಲೆ ಅಟ್ಟದಲ್ಲಿ ಅಮ್ಮ ಕಾಯಿ ಅಲ್ಲಾಡಿಸುತ್ತಲೇ ಇದ್ದಳು.

"ಎಷ್ಟೊತ್ತಿನ ಬಸ್ಸಿಗೆ?" ಎಂದು ಕೇಳಿದಳು ಶಿಲ್ಪ.