ಎರಡು ದೇಶದ ಮದುಮಗ

ಪಾಸ್‌ಪೋರ್ಟ್ ಅರ್ಜಿ ಮಾಡಿಕೊಡುವ ಆಫೀಸಿನ ಬಾಗಿಲು ತಳ್ಳಿ ಒಳಗೆ ಬಂದವನನ್ನು ಮಾರ್ಟಿನಾ ಒಮ್ಮೆ ನೋಡಿದಳು, ಅಷ್ಟೇ! ದುಬೈಯ ಕರಾಮ ಪೇಟೆಯ ಅಷ್ಟೂ ಏಸಿಗಳು ಒಟ್ಟಿಗೆ ಬಿಸಿಗಾಳಿ ಊದಿದವು. ಬುರ್ಜ್ ಖಲೀಫಾ ಒಂದು ಗೇಣು ವಾಲಿತು. ಸುಳ್ಳೆನ್ನುವವರು ಅಳೆದು ನೋಡಲಿ!

ಲಿಯೊನೆಲ್!

ಎರಡು ವರ್ಷದ ಹಿಂದೆ, ಊರಲ್ಲಿ, ಮದುವೆಯ ಮುನ್ನಾದಿನ ರೋಸ್ ಶಾಸ್ತ್ರಕ್ಕೆಂದು ನೆಂಟರೆಲ್ಲ ಅವಳ ತಲೆಗೆ ತೆಂಗಿನಹಾಲು ಹೊಯ್ದಿದ್ದರು. ಕೂದಲು ಒಣಗುವ ಮೊದಲೇ ಇವನ ಮನೆಯಿಂದ ಫೋನ್ ಬಂತು. "ಮದುವೆ ಬೇಡ." ಕಾರಣ ಹೇಳಲಿಲ್ಲ. ಮರುದಿನವೇ ದುಬೈ ವಿಮಾನ ಹತ್ತಿದ್ದ, ಮಹಾಶಯ!

ಅಂದು ಅವಳು ಅತ್ತ ಅಳುವಿಗೆ ಪಾಪನಾಶಿನಿ ಹೊಳೆ ದಡ ಮೀರಿತ್ತು. ಆಮೇಲೆ ಒಂದು ಹನಿಯೂ ಇಲ್ಲ. ಬರೀ ಸೇಡು!

"ಪೋರ್ಚುಗಲ್ ಪೌರತ್ವಕ್ಕೆ ಅರ್ಜಿ ಹಾಕ್ಲಿಕ್ಕಿತ್ತು..." ಲಿಯೊನೆಲ್ ತಡವರಿಸಿದ. "ಅಪ್ಪ ಹುಟ್ಟಿದ್ದು ಗೋವಾದ ಮಡಗಾಂವ್‌ನಲ್ಲಿ, ಪೋರ್ಚುಗೀಸರ ಕಾಲದಲ್ಲಿ. ಅಂಥವರ ಮಕ್ಕಳಿಗೂ ಸಿಗ್ತದಂತೆ. ಮಾರ್ಟಿನಾ, ನೀನು..."

"ಇಲ್ಲಿ ನಾನು ಮಾರ್ಟಿನಾ ಮೇಡಂ. ಕೂತ್ಕೊಳ್ಳಿ ಸಾರ್."

'ಸಿಕ್ಕಿದೆಯಲ್ಲ ಮಗನೇ... ನಿನ್ನನ್ನು ಒಣಮೀನು ಮಾಡದಿದ್ದರೆ ಕೇಳು!'

"ಫೋಟೊದಲ್ಲಿ ಮೀಸೆ ಉಂಟು. ಅದು ನಡೆಯುವುದಿಲ್ಲ ಸಾರ್."

ಮರುದಿನ ಮೀಸೆ ಇರಲಿಲ್ಲ.

"ಅಬುಧಾಬಿಯ ಎಂಬೆಸಿಗೆ ಹೋಗಿ ಸೀಲ್ ಹಾಕಿಸಿ ಬನ್ನಿ."

ಹಾಕಿಸಿ ತಂದ.

"ಅಯ್ಯೋ, ನೀಲಿ ಸೀಲಾ? ಹಸಿರು ಬೇಕು!"

ಆಗಸ್ಟ್ ಬಿಸಿಲಲ್ಲಿ ಅವನು ಬಸ್ಸು ಹತ್ತಿ ಹೋಗಿ ಬಂದು, ಮತ್ತೆ ಹೋಗಿ ಬಂದು, ಶೇಖ್ ಜಾಯೆದ್ ರಸ್ತೆಯೇ ಸವೆದು ನೀರುದೋಸೆಯಷ್ಟು ತೆಳ್ಳಗಾಯಿತು.

ಆಫೀಸಿನ ಮಲಯಾಳಿ ಯಜಮಾನ ಅಲಿಕುಂಞಿ ತಲೆ ಕೆರೆದುಕೊಂಡರು. "ಮೋಳೆ, ಮಗಳೇ, ಈ ಹಸಿರು ಸೀಲ್ ಯಾವ ದೇಶದ್ದು? ನಾನಂತೂ ಕಂಡದ್ದಿಲ್ಲ."

"ನನ್ನ ದೇಶದ್ದು, ಅಲಿಕುಂಞಿಚ್ಚ!"

ಆದರೆ ಬೆವರಿ ಬಂದು ಎದುರು ಕೂತವನ ಮುಖ... ಮೀಸೆಯಿಲ್ಲದೆ ಎಷ್ಟು ಎಳೆಯದಾಗಿ ಕಾಣುತ್ತದೆ! ಛೀ, ಮಾನಗೆಟ್ಟ ಮನಸ್ಸೇ!

ಕೊನೆಗೆ ಸಹಿಯ ದಿನ ಬಂತು.

"ಇನ್ನು ಎರಡು ದೇಶ ನನ್ನದು," ಪೆನ್ನು ಹಿಡಿದು ಲಿಯೊನೆಲ್ ನಕ್ಕ. "ಪೋರ್ಚುಗಲ್ ಪಾಸ್‌ಪೋರ್ಟ್ ಒಂದು ಕಿಸೆಯಲ್ಲಿ, ಇಂಡಿಯಾದ್ದು ಇನ್ನೊಂದರಲ್ಲಿ. ಮುಂದಿನ ವರ್ಷ ಊರಿಗೆ ಹೋಗಿ ಪಂಚಾಯತ್ ಚುನಾವಣೆಗೆ ನಿಲ್ತೇನೆ. ಸಣ್ಣಂದಿನ ಆಸೆ ಅದು."

ಮಾರ್ಟಿನಾ ಕುರ್ಚಿಯಲ್ಲಿ ನೆಟ್ಟಗಾದಳು.

ಗಲ್ಫಿನ ಎಷ್ಟೋ ಜನರ ತಪ್ಪು ಲೆಕ್ಕ ಇದು! ಇಂಡಿಯಾ ಎರಡು ಪೌರತ್ವ ಒಪ್ಪುವುದಿಲ್ಲ. ಪೋರ್ಚುಗಲ್‌ನವನಾದ ಗಳಿಗೆಗೆ ಇಂಡಿಯಾದ್ದು ಹೋಯಿತು. ಇವನಿಗದು ಗೊತ್ತೇ ಇಲ್ಲ.

'ಸುಮ್ಮನಿರು ಮಾರ್ಟಿನಾ... ಬಾಯಿ ಮುಚ್ಚಿಕೊಂಡರೆ ಸಾಕು. ನಿನ್ನ ಮದುವೆ ಮುರಿದವನ ಆಸೆಯೂ ಮುರಿಯಲಿ!'

ಪೆನ್ನು ಕಾಗದಕ್ಕೆ ತಾಗಿತು...

"ಬೇಡ!" ಅವಳು ಪೆನ್ನು ಕಿತ್ತುಕೊಂಡಳು. "ದಡ್ಡ! ಇದು ಸಿಕ್ಕಿದ ದಿನ ನೀನು ಇಂಡಿಯಾದವನಲ್ಲ. ಚುನಾವಣೆಗೆ ನಿಲ್ಲುವುದು ಬಿಡು, ಓಟು ಹಾಕ್ಲಿಕ್ಕೂ ಇಲ್ಲ. ಖಲಾಸ್!"

ಲಿಯೊನೆಲ್ ಬಿಳಿಚಿಕೊಂಡ. ಆಮೇಲೆ ಮೆಲ್ಲಗೆ ಕೈ ಚಾಚಿದ.

"ಪೆನ್ನು ಕೊಡು."

"ಕೇಳಿಸಲಿಲ್ವಾ ನಿನಗೆ?"

"ಕೇಳಿಸಿತು. ಆದರೆ ನಿನಗೆ ಬೇಕಾದ್ದು ಈ ಪಾಸ್‌ಪೋರ್ಟೇ ಅಲ್ವಾ?"

"ನನಗಾ?!"

"ರೋಸ್ ದಿನ ನಿನ್ನ ವಿಕ್ಟರ್ ಮಾಮ ನಮ್ಮ ಮನೆಗೆ ಬಂದಿದ್ದರು. ಎಲ್ಲರೆದುರು ಹೇಳಿದರು... ಹುಡುಗಿ ಒಪ್ಪಿದ್ದು ಇವನನ್ನಲ್ಲ, ಇವನಿಗೆ ಸಿಗಲಿರುವ ಪೋರ್ಚುಗಲ್ ಪಾಸ್‌ಪೋರ್ಟನ್ನು ಅಂತ. ನಾನು ಉರಿದು ಹೋದೆ. ಆಮೇಲೆ ಸಿಟ್ಟು ಇಳಿಯಿತು, ನೀನು ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ. ನೀನು ಇಲ್ಲಿದ್ದೀ ಅಂತ ಗೊತ್ತಾಗಿಯೇ ಈ ಆಫೀಸಿಗೆ ಬಂದದ್ದು."

"ವಿಕ್ಟರ್ ಮಾಮ ಎರಡು ಪೆಗ್ ಹಾಕಿದರೆ ನನಗೆ ಇಂಗ್ಲೆಂಡಿನ ರಾಜಕುಮಾರನ ಸಂಬಂಧ ಬಂದಿತ್ತು ಅಂತಾರೆ ಮಾರಾಯ! ನನ್ನ ಹತ್ತಿರ ಒಂದು ಮಾತು ಕೇಳ್ಬಾರದಿತ್ತಾ?" ಅವಳು ಪೆನ್ನನ್ನು ಮೇಜಿಗೆ ಕುಕ್ಕಿದಳು. "ಒಂದೇ ಒಂದು ಮಾತು..."

"ತಪ್ಪಾಯಿತು ಮಾರ್ಟಿನಾ. ದೊಡ್ಡ ತಪ್ಪು."

ಅವಳು ಅರ್ಜಿಯನ್ನು ಹರಿದಳು. ಹರಿದ ಸದ್ದಿಗೆ ಶಾರ್ಜಾದ ಪಾರಿವಾಳಗಳೆಲ್ಲ ಎದ್ದು ಹಾರಿದವು!

"ನನ್ನ ಸೇಡು ಇನ್ನೂ ತೀರಿಲ್ಲ."

"ಇನ್ನೆಂತ ಶಿಕ್ಷೆ?"

"ಊರಿಗೆ ಹೋಗಿ, ನನ್ನ ಅಪ್ಪನ ಎದುರು ನಿಂತು ಹೆಣ್ಣು ಕೇಳಬೇಕು. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು."

"ಹೊಡೆದರೆ?"

"ಹೊಡೆಸಿಕೊಳ್ಳಬೇಕು." ಅವಳು ಅವನ ಬೆವರಿದ ಅಂಗೈಯನ್ನು ಮೆಲ್ಲಗೆ ಹಿಡಿದಳು. "ಮುಲಾಮು ನಾನು ಹಚ್ತೇನೆ."