ಎರಡೂ ಬ್ಲೇಡು ಒಯ್ದ ಕಳ್ಳ

ಫೆಬ್ರುವರಿ 11, ಮಂಗಳವಾರ ಸಂಜೆ 5.40. ರಾಮಸಮುದ್ರದ ವಿಶ್ವರಾಧ್ಯ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಮದುವೆ ಊಟದ ಎಲೆಯಡಿಕೆ ಇನ್ನೂ ಬಾಯಲ್ಲೇ ಇತ್ತು. ಉಗುಳಬೇಕೋ ನುಂಗಬೇಕೋ ತಿಳಿಯದೆ ಬಾಗಿಲಲ್ಲೇ ನಿಂತ. ಪಿಎಸ್‌ಐ ಶಿವರಂಜನಿ ಹೊರಗಿನ ಮೋರಿ ತೋರಿಸಿದಳು.

"ನನ್ನ ಕಟ್ಟರಿನ ಬ್ಲೇಡು ಹೋಗ್ಯಾವ್ರಿ ಮೇಡಂ," ಎಂದ ಬಾಯಿ ತೊಳೆದು ಬಂದು. "ಎರಡೂ."

ಕಟ್ಟರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಯಂತ್ರ. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆಯನ್ನು ಅದರ ಅಡಿಯಲ್ಲಿ ಗಿರಗಿರ ತಿರುಗುವ ಎರಡು ಬ್ಲೇಡುಗಳು ಚೂರು ಮಾಡುತ್ತವೆ. ವಿಶ್ವರಾಧ್ಯ ಅದನ್ನು ಕೊಂಡು ಎರಡು ವರ್ಷವಾಗಿತ್ತು, ಮಾತು ಮಾತ್ರ ನಿನ್ನೆ ಮನೆ ತುಂಬಿದ ಸೊಸೆಯನ್ನು ಹೊಗಳುವ ಹಾಗೇ ಇತ್ತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊರಿಗೆ ಊರೇ ಮದುವೆ ಊಟಕ್ಕೆ ಹೋಗಿತ್ತಂತೆ. ಬಂದು ನೋಡಿದರೆ ಹೊಲದ ಶೆಡ್ಡಿನಲ್ಲಿ ಯಂತ್ರವಿದೆ, ಬ್ಲೇಡಿಲ್ಲ.

"ಯಾರ ಮ್ಯಾಲರ ಅನುಮಾನ?"

"ಎಲ್ಲಾರ ಮ್ಯಾಲೂ ಅದ್ರಿ."

"ಎಲ್ಲಾರೂ ಊಟಕ್ಕ ಹೋಗಿದ್ರು ಅಂದ್ರಿ?"

ವಿಶ್ವರಾಧ್ಯ ತಲೆ ಕೆರೆದುಕೊಂಡ. ಬ್ಲೇಡುಗಳ ಬೆಲೆ ಏಳು ಸಾವಿರವೆಂದು ಬರೆದ ದೂರನ್ನು ಪಡೆದು, 6.25ಕ್ಕೆ ಬಿಎನ್‌ಎಸ್ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಿಸಲಾಯಿತು.

ಬುಧವಾರ ಬೆಳಿಗ್ಗೆ 8.30ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ಭಾಗಣ್ಣ ಮುದನಾಳದವನು. ಅವನ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಾಣದ ಕಳ್ಳತನವಿಲ್ಲ. ಅಂಥವನು ಯಂತ್ರದ ಅಡಿಗೆ ಬಗ್ಗಿ ನೋಡಿ ಎದ್ದಾಗ ಬೆರಗಾಗಿದ್ದ.

ಯಂತ್ರವನ್ನು ಜಾಕಿನಿಂದ ಎತ್ತಿ, ಕುಸಿಯದಂತೆ ನಾಲ್ಕೂ ಮೂಲೆಗೆ ಮರದ ತುಂಡು ಕೊಟ್ಟಿದ್ದರು. ಟ್ರ್ಯಾಕ್ಟರಿನಿಂದ ಶಕ್ತಿ ತರುವ ಶಾಫ್ಟನ್ನು ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ್ದರು. ಬ್ಲೇಡಿನ ಬೋಲ್ಟುಗಳು ಗ್ರೀಸ್ ಹಚ್ಚಿಸಿಕೊಂಡು ಅವವೇ ತೂತುಗಳಲ್ಲಿ ವಾಪಸ್ ಕುಳಿತಿದ್ದವು. ಪಕ್ಕದ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಯಾರೂ ಮುಟ್ಟಿರಲಿಲ್ಲ.

"ಮನಿ ಕಳವು ಮಾಡಿ, ಕಸಾ ಹೊಡದು ಹೋದಂಗ ಆಗ್ಯಾದ್ರಿ ಮೇಡಂ," ಎಂದ ಭಾಗಣ್ಣ.

ಯಂತ್ರ ಓಡಿಸುವವನು ಬಸಲಿಂಗ, ಇನ್ನೂ ಮೂವತ್ತು ದಾಟದ ಡ್ರೈವರ್. ಶಿವರಂಜನಿ ಅವನನ್ನು ಕರೆದಳು.

"ಒಂದ ಬ್ಲೇಡು ಒಯ್ದಿದ್ರ ಏನಾಗ್ತಿತ್ತು?"

"ತೂಕ ತಪ್ಪತಿತ್ರಿ. ತಿಳೀದ ಚಾಲೂ ಮಾಡಿದ್ರ ಗಡಗಡ ನಡುಗಿ ಗೇರ್‌ಬಾಕ್ಸ್ ಒಡೀತಿತ್ತು. ನನಗೂ ಪೆಟ್ಟು ಬೀಳ್ತಿತ್ತು. ಎರಡೂ ಒಂದ ತೂಕ ಇರಬೇಕ್ರಿ."

"ಕಳ್ಳನಿಗೆ ಅದು ಗೊತ್ತಿತ್ತು."

"ಗೊತ್ತಿರಬೇಕ್ರಿ."

"ಇತ್ತೀಚಿಗೆ ಏನರ ರಿಪೇರಿ?"

ಬಸಲಿಂಗ ಮಾಲೀಕನ ಮುಖ ನೋಡಿದ. ಮಾಲೀಕ ಬೇವಿನ ಮರ ನೋಡಿದ.

"ಹೋದ ವಾರ ಕಲ್ಲಿಗೆ ಬಡದು ಒಂದು ಬ್ಲೇಡು ಸೀಳಿತ್ರಿ. ಹೊಸಾ ಜೋಡಿ ತರ್ರಿ ಅಂದೆ. ಇವರು ಕುಲುಮಿ ಅಮಾತೆಪ್ಪಗ ಕೊಟ್ಟು ವೆಲ್ಡಿಂಗ್ ಹಾಕ್ಸಿದ್ರು. ಸೋಮವಾರ ಓಡ್ಸಿದೆ. ಸ್ವಲ್ಪ ಅಲಗತಿತ್ತು."

"ಅಮಾತೆಪ್ಪಂದು ನಲವತ್ತು ವರ್ಷದ ಕೈ ಅದ್ರಿ," ಎಂದು ವಿಶ್ವರಾಧ್ಯ ನಡುವೆ ಬಾಯಿ ಹಾಕಿದ. "ಅಂವ ಹಚ್ಚಿದ್ದು ಬಿಚ್ಚಂಗಿಲ್ಲ."

ಶಿವರಂಜನಿ ಮತ್ತೆ ಬಗ್ಗಿದಳು. ಯಂತ್ರದ ಅಂಚಿನುದ್ದಕ್ಕೂ ಗ್ರೀಸ್ ಮೆತ್ತಿದ ಬೆರಳ ಗುರುತುಗಳಿದ್ದವು. ಗೇಣಿಗೊಂದರಂತೆ ಸಾಗಿ ಬಂದು, ಪ್ರತಿ ನಟ್ಟಿನ ಸುತ್ತಲೂ ಒಂದು ಸುತ್ತು ಹಾಕಿದ್ದವು. ಶೆಡ್ಡಿಗೆ ಮೂರು ಕಡೆ ಗೋಡೆಯೇ ಇಲ್ಲ. ಮಧ್ಯಾಹ್ನದ ಬಿಸಿಲು ಯಂತ್ರದ ಅಡಿಯವರೆಗೂ ಬರುತ್ತದೆ.

"ಹಾಡಾಹಗಲು ಇಷ್ಟು ತಡಕಾಡೋದು ಯಾಕ, ಭಾಗಣ್ಣ?"

ಗುರುತುಗಳ ಫೋಟೊ ತೆಗೆಸಿ, ಒಂದು ಬೋಲ್ಟನ್ನು ಬಿಚ್ಚಿ ಪಂಚರ ಮುಂದೆ ವಶಕ್ಕೆ ಪಡೆದರು.

ಕಬ್ಬಿಣ ಕದ್ದವನು ಹೋಗುವುದು ಗುಜರಿ ಅಂಗಡಿಗೆ. 12.15ಕ್ಕೆ ಯಾದಗಿರಿಯ ಅಂಗಡಿಗಳ ಸುತ್ತಾಟ ಶುರುವಾಯಿತು. ಮೊದಲೆರಡರಲ್ಲಿ ಏನೂ ಸಿಗಲಿಲ್ಲ. ಮೂರನೆಯದು ಅನ್ವರಬಿಯದು. ಗಂಡ ತೀರಿದ ಮೇಲೆ ತಕ್ಕಡಿಯನ್ನು ತಾನೇ ಹಿಡಿದ ಗಟ್ಟಿ ಹೆಂಗಸು.

"ಕಟ್ಟರಿನ ಬ್ಲೇಡು ಯಾರರ ಮಾರಾಕ ಬಂದಿದ್ರೇನು?"

"ಮಾರಾಕ ಬಂದಿಲ್ರಿ. ಕೇಳ್ಕೊಂಡು ಬಂದಿದ್ರು. ರಾಮಸಮುದ್ರದ ಅಮಾತೆಪ್ಪ ಕಾಕಾ."

"ಯಾವಾಗ?"

"ನಿನ್ನೆ ಮುಂಜಾನೆ. ಒಂದ ತೂಕದ ಹೊಸಾ ಜೋಡಿ ಬೇಕು ಅಂದ್ರು. ನನ್ನ ಕಡಿ ಹೊಸಾ ಮಾಲು ಎಲ್ಲಿಂದ ಬರಬೇಕು? ಶಹಾಪುರದ ಅಂಗಡಿಗೆ ಫೋನ್ ಹಚ್ಚಿ ಕೊಟ್ಟೆ. ಗುರುವಾರ ಬರ್ತಾವ ಅಂದ್ರು."

ಮಂಗಳವಾರ ಮಧ್ಯಾಹ್ನ ಕದಿಯುವವನು ಮಂಗಳವಾರ ಬೆಳಿಗ್ಗೆಯೇ ಹೊಸ ಜೋಡಿ ಹೇಳಿಟ್ಟಿದ್ದ! ಶಿವರಂಜನಿಗೆ ಒಂದು ಗಂಟು ಬಿಚ್ಚಿದಂತಾಯಿತು, ಇನ್ನೊಂದು ಬಿಗಿಯಿತು.

"ಫೋನ್ ನೀವ್ಯಾಕ ಹಚ್ಚಿದ್ರಿ?"

ಅನ್ವರಬಿ ತಕ್ಕಡಿಯ ಸರಪಳಿ ಸರಿಮಾಡಿದಳು. ಆಮೇಲೆ ದನಿ ತಗ್ಗಿಸಿದಳು.

"ಮೊದಲೆಲ್ಲ ಕಾಕಾ ಸಾಮಾನು ಕಣ್ಣಿಂದ ನೋಡ್ತಿದ್ರು. ಈಗ ಬೆರಳಿಂದ ನೋಡ್ತಾರ್ರಿ. ನಾ ಹೇಳೀನಿ ಅನಬ್ಯಾಡ್ರಿ ಮತ್ತ."

ಮಧ್ಯಾಹ್ನ 3.30ಕ್ಕೆ ಜೀಪು ಅಮಾತೆಪ್ಪನ ಮನೆ ಮುಂದೆ ನಿಂತಿತು. ಮನೆಗೆ ಹೊಂದಿಕೊಂಡೇ ಕುಲುಮೆ, ಅದರ ಪಕ್ಕ ವೆಲ್ಡಿಂಗ್ ಯಂತ್ರ. ಹೆಂಡತಿ ಮೌನಮ್ಮ ಹತ್ತಿ ಕಟ್ಟಿಗೆಯ ಹೊರೆಯನ್ನು ಆಗಷ್ಟೇ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಪೊಲೀಸರಿಗೆ ನೀರು ಕೊಟ್ಟು ಒಳಗೆ ಹೋದಳು. ಅಮಾತೆಪ್ಪ ಎದ್ದು ಕೈಮುಗಿದ. ಮುಗಿದ ಕೈ ಶಿವರಂಜನಿಗಿಂತ ಸ್ವಲ್ಪ ಎಡಕ್ಕಿತ್ತು.

"ನಿನ್ನೆ ಮದುವಿಗೆ ಹೋಗಿದ್ರೇನು?"

"ಇಲ್ರಿ. ಹೊಟ್ಟಿ ಸರಿ ಇದ್ದಿಲ್ಲ."

"ಎಲ್ಲಿದ್ರಿ?"

"ಇಲ್ಲೇ ಇದ್ದೆ."

ಶಿವರಂಜನಿ ವಶಪಡಿಸಿಕೊಂಡ ಬೋಲ್ಟನ್ನು ಅವನ ಮುಂದೆ ಹಿಡಿದಳು, ಮಾತಾಡಲಿಲ್ಲ. ಮುದುಕ ನಗುಮುಖ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಕಾಯುತ್ತ ನಿಂತ. ಕೈ ಮೇಲೇಳಲಿಲ್ಲ. ತನ್ನ ಜಾಣತನಕ್ಕೆ ಅವಳಿಗೇ ನಾಚಿಕೆಯಾಯಿತು. ಅವನ ಅಂಗೈ ಬಿಡಿಸಿ ಬೋಲ್ಟನ್ನು ಅದರಲ್ಲಿಟ್ಟಳು.

ಬೆರಳುಗಳು ಅದನ್ನು ಒಂದು ಸಲ ತಿರುಗಿಸಿದವು. "ಎಡಗಡಿ ಬ್ಲೇಡಿಂದು. ತಿರುಪಿನ ಎಳಿ ಸವದದ," ಎಂದುಬಿಟ್ಟ. ಆಡಿದ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತ.

"ಬ್ಲೇಡಿಗೆ ವೆಲ್ಡಿಂಗ್ ಹಾಕಬಾರದು ಅಂತ ಗೊತ್ತಿದ್ದಿಲ್ಲೇನು, ಕಾಕಾ?"

"ಗೊತ್ತಿತ್ರಿ. ಇದು ಆಗಂಗಿಲ್ಲ ಅಂದಿದ್ರ, ಅಮಾತೆಪ್ಪನ ಕೈಲಿ ಈಗ ಆಗಂಗಿಲ್ಲ ಅಂತಿದ್ರು. ಅದಕ್ಕ ಹಚ್ಚಿಕೊಟ್ಟೆ. ಸೋಮವಾರ ಇಲ್ಲೇ ಕುಂತು ಮಷಿನ್ ಸಪ್ಪಳ ಕೇಳಿದೆ. ಸಪ್ಪಳ ಸುಳ್ಳು ಹೇಳಂಗಿಲ್ರಿ. ಅದರ ಹಿಂದ ಹತ್ತು ಹೆಣ್ಮಕ್ಕಳು ಒಲಿಗೆ ಕಟಗಿ ಆರಿಸ್ಕೊಂತ ನಡೀತಾರ. ಅವರಾಗ ನಮ್ಮಾಕಿ ಒಬ್ಬಾಕಿ. ತುಂಡಾಗಿ ಹಾರಿದ್ರ ಯಾರ ಕಾಲು ಯಾರ ತಲಿ ಅಂತ ಅದು ಕೇಳ್ತದೇನ್ರಿ?"

"ವಿಶ್ವರಾಧ್ಯಗ ಒಂದು ಮಾತು ಹೇಳಿದ್ರ ಮುಗೀತಿತ್ತು."

"ಹೇಳಾಕ ಅವರ ಬಾಗಿಲ ತನಕ ಎರಡು ಸಲ ಹೋದೆ, ಬಾಯಿ ಬರಲಿಲ್ಲ. ಕಳ್ಳ ಅಂದ್ರ ನಾಕ ದಿನ ಅಂದು ಬಿಡ್ತಾರ. ಕುಡ್ಡ ಅಂದ್ರ ನನ್ನ ಕುಲುಮಿಗೆ ಯಾರು ಬರ್ತಾರ್ರಿ? ಗುರುವಾರ ಹೊಸಾ ಜೋಡಿ ತಂದು ಹಚ್ಚಿ ಬರಬೇಕಂತಿದ್ದೆ." ಒಳಬಾಗಿಲ ಕಡೆ ಕಿವಿ ಕೊಟ್ಟು, ದನಿ ಇಳಿಸಿದ. "ಕೇಸಿನಾಗ ಏನರ ಬರ್ಕೋರಿ. ಕಣ್ಣಿನ ಸುದ್ದಿ ನಮ್ಮಾಕಿಗೆ ಹೇಳಬ್ಯಾಡ್ರಿ. ತಿಂಥಣಿ ಮೌನಪ್ಪನ ಆಣಿ, ಆಕಿಗೆ ಗೊತ್ತಿಲ್ಲ."

4.20ಕ್ಕೆ ಪಂಚರು ಬಂದರು. ಬ್ಲೇಡು ಗುರುತಿಸಲು ವಿಶ್ವರಾಧ್ಯ, ಬಸಲಿಂಗ ಕೂಡ ಬಂದರು. ಅಮಾತೆಪ್ಪ ಕುಲುಮೆಯ ಹಿಂದಿನಿಂದ ಹಳೆ ಸೀರೆಯಲ್ಲಿ ಸುತ್ತಿದ ಬ್ಲೇಡುಗಳನ್ನು ತಂದ. ಪಂಚನಾಮೆಯಲ್ಲಿ ಬರೆದುಕೊಳ್ಳುವ ಮೊದಲು ಒಂದನ್ನು ತಂತಿಗೆ ತೂಗುಹಾಕಿ ಸುತ್ತಿಗೆಯಿಂದ ಬಡಿದ. ಗಂಟೆಯ ಹಾಗೆ ಠಣ್ಣೆಂದಿತು. ವೆಲ್ಡಿಂಗ್ ಹಾಕಿದ್ದನ್ನು ಬಡಿದ. ಠಪ್ ಅಂದಿತು, ಅಷ್ಟೇ.

"ಒಳಗ ಇನ್ನೂ ಸೀಳು ಅದ," ಎಂದ. "ನನ್ನ ಕೆಲಸ ಮ್ಯಾಲಷ್ಟ ಕುಂತದ."

ನಾಲ್ಕು ಜನರ ಮುಂದೆ ಅವನು ಅದನ್ನು ಹೇಳಿದ್ದು ಕೇಳಿ ಶಿವರಂಜನಿಯ ಕಣ್ಣು ತುಂಬಿ ಬಂತು. ಬಸಲಿಂಗ ಆ ಬ್ಲೇಡನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಸೋಮವಾರ ನಾಲ್ಕು ಎಕರೆ ಓಡಿಸಿದ್ದು ಅವನೇ. ವಿಶ್ವರಾಧ್ಯನ ಮುಖ ಬಿಳಿಚಿಕೊಂಡಿತ್ತು.

"ಕೇಸು ವಾಪಸ್ ತಗೋತೀನ್ರಿ ಮೇಡಂ."

"ಎಫ್‌ಐಆರ್ ಹರಿದು ಹಾಕಾಕ ಬರಂಗಿಲ್ಲ. ರಾಜಿ ಆಗೋದು ಕೋರ್ಟಿನಾಗ. ಅಲ್ಲಿ ಬಂದು ಹೇಳ್ರಿ."

"ಬರ್ತೀನ್ರಿ. ಆಣಿ ಮಾಡ್ತೀನಿ, ಬರ್ತೀನಿ."

5.10ಕ್ಕೆ ಬಂಧನದ ಕಾಗದಕ್ಕೆ ಸಾಕ್ಷಿಯಾಗಿ ಮೌನಮ್ಮನ ಹೆಬ್ಬೆಟ್ಟು ಪಡೆಯಲಾಯಿತು. ಅಮಾತೆಪ್ಪ ರುಮಾಲು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬ ಹಾಗೆ ನೆಟ್ಟಗೆ ಬಾಗಿಲಿಗೆ ನಡೆದ.

"ಅಣ್ಣಾ, ಕೈ ಹಿಡ್ಕೊಂಡು ಕರ್ಕೊಂಡು ಹೋಗ್ರಿ," ಎಂದಳು ಮೌನಮ್ಮ ಭಾಗಣ್ಣನಿಗೆ. "ಹೊಸ್ತಿಲ ಮುಂದ ತಗ್ಗು ಅದ. ಅವರಿಗೆ ಕಾಣಂಗಿಲ್ಲ."

ಅಮಾತೆಪ್ಪ ನಿಂತ ಕಡೆಯೇ ನಿಂತ.

"ನಿನಗ ಯಾವಾಗಿಂದ ಗೊತ್ತು?"

"ಎರಡು ವರ್ಷ ಆತು. ತಾಟಿನಾಗ ಪಲ್ಯಾ ದಿನಾ ಬಲಗಡಿನ ಯಾಕ ಹಾಕ್ತಾಳ ಇಕಿ ಅಂತ ಒಂದಿನರ ವಿಚಾರ ಮಾಡೀರೇನು?"

"ಹೇಳಬಾರದೇನ?"

"ನೀವ ಹೇಳ್ತೀರಿ ಅಂತ ಕಾದೆ."

ಭಾಗಣ್ಣ ಮುದುಕನ ಕೈ ಹಿಡಿದ. ತಗ್ಗು ದಾಟುವಾಗ, "ಕಾಲು ಎತ್ತಿಡ್ರಿ ಕಾಕಾ," ಎಂದ.

ಬಂಧಿಸಿದವರನ್ನು ವೈದ್ಯರಿಗೆ ತೋರಿಸಬೇಕೆಂಬುದು ನಿಯಮ. 6.30ಕ್ಕೆ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ ಎಂದಿತ್ತು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಡಾಕ್ಟರು ಕೇಳಿದರೆ, "ಪೊಲೀಸರೇ ಕರ್ಕೊಂಡು ಬರಬೇಕಾತ್ರಿ," ಎಂದ ಅಮಾತೆಪ್ಪ. ಬೆಳಿಗ್ಗೆಯಿಂದ ಭಾಗಣ್ಣ ನಕ್ಕಿದ್ದು ಅದೊಂದೇ ಸಲ.

ಏಳೂವರೆಗೆ ಶಿವರಂಜನಿ ಕೇಸ್ ಡೈರಿ ತೆರೆದಳು. ಆರೋಪಿಗೆ ದುಡ್ಡಿನ ಆಸೆ ಇದ್ದದ್ದು ಕಂಡುಬಂದಿಲ್ಲ, ತನ್ನ ಕೆಲಸ ಕೆಟ್ಟಿದ್ದನ್ನು ಬಾಯಿಬಿಟ್ಟು ಹೇಳಲಾರದೆ, ಅದರಿಂದ ಬೇರೆಯವರ ಜೀವಕ್ಕೆ ಅಪಾಯವಾಗಬಾರದೆಂದು ಬ್ಲೇಡುಗಳನ್ನು ಬಿಚ್ಚಿ ಒಯ್ದಿದ್ದಾನೆ ಎಂದು ಬರೆದಳು. ಗುರುವಾರ ಬರುವ ಹೊಸ ಜೋಡಿಯನ್ನು ಶಹಾಪುರದಿಂದ ತರಲು ಬಸಲಿಂಗ ಒಪ್ಪಿಕೊಂಡಿದ್ದ.

ಹೊರಗೆ ಬೆಂಚಿನ ಮೇಲೆ, ಆಟೋ ಹಿಡಿದು ಬಂದ ಮೌನಮ್ಮ ಗಂಡನ ಪಕ್ಕ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ಎರಡು ವರ್ಷ ಸುಮ್ಮನೆ ಬಡಿಸಿದವಳು ಈ ಸಲ ಬಾಯಿಬಿಟ್ಟು ಹೇಳಿದಳು:

"ಪಲ್ಯಾ ಬಲಗಡಿ ಅದ್ರಿ."